ತೊಳೆಯಲು ಕೊಟ್ಟ ಕಾರು ಮತ್ತು ಗೀರಿನ ವ್ಯಾಜ್ಯ

— ಅಂತಿಮ ಬಿ.ಎ. ವಿದ್ಯಾರ್ಥಿ, ಹೊರಕೆರೆದೇವಪುರ

ಒಬ್ಬರ ವಸ್ತುವನ್ನು ಇನ್ನೊಬ್ಬರು ಕೆಲಸಕ್ಕಾಗಿ ವಹಿಸಿಕೊಳ್ಳುವುದು ಬಹು ಹಳೆಯ ವ್ಯವಹಾರ. ಅಗಸನ ಕೈಗೆ ಬಟ್ಟೆ, ಅಕ್ಕಸಾಲಿಯ ಕೈಗೆ ಚಿನ್ನ, ದರ್ಜಿಯ ಕೈಗೆ ಅರಿವೆ, ಕಮ್ಮಾರನ ಕೈಗೆ ನೇಗಿಲ ಕುಳ ಹೀಗೆ ಒಪ್ಪಿಸಿ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೊಟ್ಟವನ ಮನಸ್ಸಿನಲ್ಲಿ ಒಂದು ಅಳುಕು, ತೆಗೆದುಕೊಂಡವನ ತಲೆಯ ಮೇಲೆ ಒಂದು ಹೊರೆ. ವಸ್ತು ಚೆನ್ನಾಗಿ ಹಿಂದಿರುಗಿದರೆ ಇಬ್ಬರಿಗೂ ನೆಮ್ಮದಿ. ಕೆಟ್ಟು ಹಿಂದಿರುಗಿದರೆ, ಅಥವಾ ಕೆಟ್ಟಿದೆಯೆಂದು ಕೊಟ್ಟವನಿಗೆ ತೋರಿದರೆ, "ಇದು ನಿನ್ನಿಂದಾಯಿತು" ಎಂದು ಒಬ್ಬನೂ "ಇದು ಮೊದಲೇ ಇತ್ತು" ಎಂದು ಇನ್ನೊಬ್ಬನೂ ನಿಂತುಬಿಡುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜವೆಂದು ತಿಳಿಯುವುದು ಹೇಗೆ, ತಿಳಿದ ಮೇಲೆ ನಷ್ಟವನ್ನು ಯಾರು, ಎಷ್ಟು ಹೊರಬೇಕು ಎಂಬುದೇ ಈ ಲೇಖನದ ವಿಷಯ. ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ಕಾರು ತೊಳೆದು ಪಾಲಿಶ್ ಮಾಡುವ ಕಸಬನ್ನು. ನಮ್ಮ ಕಡೆ ಇದಕ್ಕೆ 'ವಾಟರ್ ಸರ್ವೀಸ್' ಎನ್ನುತ್ತಾರೆ. ಪಟ್ಟಣಗಳಲ್ಲಿ ಪಾಲಿಶ್, ಸೆರಾಮಿಕ್ ಕೋಟಿಂಗ್, ಒಳಗಿನ ಸೀಟುಗಳ ಶುದ್ಧಿ ಎಲ್ಲವೂ ಸೇರಿ 'ಡೀಟೇಲಿಂಗ್' ಎಂಬ ಹೆಸರು ಪಡೆದಿದೆ.

ಈ ವಿಷಯ ಏಕೆ?

ಇದು ಪಠ್ಯಪುಸ್ತಕದಲ್ಲಿಲ್ಲದ ವಿಷಯ, ಕಾಲೇಜಿನ ಸಂಚಿಕೆಗೆ ಇದೇಕೆ ಎಂದು ಕೆಲವು ಮಿತ್ರರು ಕೇಳಬಹುದು. ನಮ್ಮ ಜಿಲ್ಲೆಯ ಹಿರಿಯೂರು, ಚಿತ್ರದುರ್ಗಗಳ ಮೂಲಕ ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ಮತ್ತು ತೆಂಗಿನ ತೋಟದವರ ಮನೆಗಳ ಮುಂದೆಯೂ ಈಗ ಕಾರು ನಿಂತಿರುತ್ತದೆ. ಕಾರು ಹೆಚ್ಚಿದಂತೆ ಅದನ್ನು ತೊಳೆಯುವ ಷೆಡ್ಡುಗಳೂ ಹೆಚ್ಚಿವೆ. ಒಂದು ಕೊಳವೆಬಾವಿ, ಒಂದು ಪ್ರೆಷರ್ ಪಂಪು, ಒಂದು ರ‍್ಯಾಂಪು, ಇಬ್ಬರು ಹುಡುಗರು ಇದ್ದರೆ ಅಂಗಡಿ ಆರಂಭವಾಗುತ್ತದೆ. ಆ ಇಬ್ಬರು ಹುಡುಗರಲ್ಲಿ ಒಬ್ಬ ಎಷ್ಟೋ ವೇಳೆ ನಮ್ಮ ನಿಮ್ಮಂತೆ ಕಾಲೇಜಿಗೆ ಬಂದು, ಭಾನುವಾರ ಕೂಲಿಗೆ ಹೋಗುವವನೇ. ನಮ್ಮಲ್ಲಿ ಅನೇಕರು ಮನೆತನಕ್ಕೆ ಮೊದಲ ಪದವೀಧರರಾಗುವವರು. ನಮ್ಮ ತಂದೆ, ಅಣ್ಣಂದಿರು ಕೈಕೆಲಸ ಮಾಡಿಯೇ ನಮ್ಮನ್ನು ಓದಿಸುತ್ತಿದ್ದಾರೆ. ಅವರ ಕೆಲಸಕ್ಕೆ ಸಂಬಂಧಿಸಿದ ಕಾಯಿದೆಯನ್ನು ಓದಿ ಅವರಿಗೆ ತಿಳಿಸಿ ಹೇಳುವುದು ಓದಿದವರ ಮೊದಲ ಕರ್ತವ್ಯ ಎಂಬುದು ನನ್ನ ನಂಬಿಕೆ.

ಈ ಕಸಬಿನ ಲಾಭ ಚಿಕ್ಕದು, ಅಪಾಯ ದೊಡ್ಡದು. ಒಂದು ಕಾರು ತೊಳೆದರೆ ಬರುವುದು ಕೆಲವು ನೂರು ರೂಪಾಯಿ. ಒಂದು ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಸಲು ಹಿಡಿಯುವುದು ಕೆಲವು ಸಾವಿರ. ಒಂದೇ ಒಂದು ಗೀರಿನ ಹೊಣೆ ತಲೆಗೆ ಬಂದರೆ ವಾರದ ದುಡಿಮೆ ಹೋಗುತ್ತದೆ. ಇನ್ನೊಂದು ಕಡೆ, ಸಾಲ ಮಾಡಿ ಕಾರು ಕೊಂಡವನಿಗೆ ಅದರ ಮೇಲಿನ ಗೀರು ತನ್ನ ಮೈಮೇಲಿನ ಗೀರಿನಷ್ಟೇ ನೋವು ಕೊಡುತ್ತದೆ. ಆದುದರಿಂದ ಇಬ್ಬರ ಕಡೆಯಿಂದಲೂ ನೋಡಿ ವಿಚಾರ ಮಾಡುವುದು ಅವಶ್ಯಕ.

ಹಿಂದಿನವರು ಕಂಡ ದಾರಿ

ಈ ಪ್ರಶ್ನೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾಳೆಯೋಲೆಯಿಂದ ಗುರುತಿಸಿ ಲೋಕಕ್ಕೆ ತಿಳಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದರ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅವರಿಂದ ಪ್ರಕಟವಾದವು. ಆ ಗ್ರಂಥದ ನಾಲ್ಕನೆಯ ಅಧಿಕರಣದ ಮೊದಲಲ್ಲಿಯೇ ಕುಶಲಕರ್ಮಿಗಳ ವಿಚಾರ ಬರುತ್ತದೆ. ಕೆಲಸಕ್ಕೆ ಕೊಟ್ಟ ವಸ್ತು ಕಳೆದರೆ ಅಥವಾ ಕೆಟ್ಟರೆ ಅದನ್ನು ಕಸಬುದಾರನೇ ತುಂಬಿಕೊಡಬೇಕು, ಆದರೆ ಅವನ ಕೈಮೀರಿದ ಆಪತ್ತಿನಿಂದ ಆದದ್ದಕ್ಕೆ ಅವನು ಹೊಣೆಯಲ್ಲ ಎಂಬುದು ಅಲ್ಲಿಯ ತತ್ತ್ವ.

ಅಗಸರ ವಿಷಯದಲ್ಲಿ ಇನ್ನೂ ವಿವರವಾದ ನಿಯಮಗಳಿವೆ. ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಬಟ್ಟೆ ಒಗೆಯಬೇಕು. ಬೇರೆ ಕಡೆ ಒಗೆದು ಬಟ್ಟೆ ಹರಿದರೆ ನಷ್ಟವನ್ನೂ ಕೊಡಬೇಕು, ಆರು ಪಣ ದಂಡವನ್ನೂ ತೆರಬೇಕು. ಅಗಸನು ತೊಡುವ ಬಟ್ಟೆಯ ಮೇಲೆ ಮುದ್ಗರದ ಗುರುತು ಇರಬೇಕು; ಆ ಗುರುತಿಲ್ಲದ ಬಟ್ಟೆ ತೊಟ್ಟರೆ ಮೂರು ಪಣ ದಂಡ. ಗಿರಾಕಿಯ ಬಟ್ಟೆಯನ್ನು ತಾನು ಉಡಬಾರದೆಂಬುದು ಇದರ ಉದ್ದೇಶ. ಬಣ್ಣದ ವಿಷಯದಲ್ಲಿ ವಿವಾದ ಬಂದರೆ ಆ ಕೆಲಸ ಬಲ್ಲ, ನಂಬಿಕೆಗೆ ಯೋಗ್ಯರಾದ ನಿಪುಣರು ತೀರ್ಮಾನ ಹೇಳಬೇಕು. ಮೊದಲ ಒಗೆತಕ್ಕೆ ಬಟ್ಟೆಯ ಬೆಲೆಯಲ್ಲಿ ಕಾಲುಭಾಗ, ಎರಡನೆಯ ಒಗೆತಕ್ಕೆ ಐದನೆಯ ಒಂದು ಭಾಗ ತಗ್ಗುತ್ತದೆ ಎಂದೂ ಅಲ್ಲಿ ಲೆಕ್ಕ ಹಾಕಿದ್ದಾರೆ. ಅಂದರೆ ಹಳೆಯ ಬಟ್ಟೆ ಹರಿದರೆ ಹೊಸ ಬಟ್ಟೆಯ ಬೆಲೆ ಕೇಳುವಂತಿಲ್ಲ.

ಈ ಕೆಲವೇ ನಿಯಮಗಳಲ್ಲಿ ನಾಲ್ಕು ಸಂಗತಿಗಳು ಅಡಗಿವೆ: ಸರಿಯಾದ ವಿಧಾನದಿಂದ ಕೆಲಸ ಮಾಡುವುದು, ಗಿರಾಕಿಯ ವಸ್ತುವನ್ನು ಸ್ವಂತಕ್ಕೆ ಬಳಸದಿರುವುದು, ವಿವಾದವನ್ನು ಬಲ್ಲವರ ಮುಂದೆ ಇಡುವುದು, ಸವಕಳಿಯನ್ನು ಕಳೆದು ನಷ್ಟ ಕಟ್ಟುವುದು. ಬಟ್ಟೆಯ ಬದಲು ಕಾರು ಎಂದು ಓದಿಕೊಂಡರೆ ಇಂದಿಗೂ ಇವು ಸಲ್ಲುತ್ತವೆ.

1872ರ ಕಾಯಿದೆ

ಇಂದು ನಮಗೆ ಅನ್ವಯಿಸುವುದು 1872ರ ಭಾರತೀಯ ಕರಾರು ಕಾಯಿದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಆ ಉದ್ದೇಶ ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಕರಾರಿಗೆ ಇಂಗ್ಲಿಷಿನಲ್ಲಿ 'ಬೈಲ್‌ಮೆಂಟ್' ಎಂದು ಹೆಸರು. 148ನೆಯ ಕಲಮು ಇದರ ಲಕ್ಷಣವನ್ನು ಹೇಳುತ್ತದೆ. ಕಾರಿನ ಬೀಗದ ಕೈಯನ್ನು ಅಂಗಡಿಯವನ ಕೈಗೆ ಕೊಟ್ಟ ಕ್ಷಣದಿಂದ ಈ ಸಂಬಂಧ ಏರ್ಪಡುತ್ತದೆ. ಅದಕ್ಕೆ ಛಾಪಾ ಕಾಗದವಾಗಲಿ ಸಾಕ್ಷಿಗಳಾಗಲಿ ಬೇಕಿಲ್ಲ.

151ನೆಯ ಕಲಮು ಬಹು ಮುಖ್ಯವಾದದ್ದು. ಸಾಧಾರಣ ವಿವೇಕವುಳ್ಳ ಮನುಷ್ಯನು ಅದೇ ಸಂದರ್ಭದಲ್ಲಿ, ಅಂಥದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ವಹಿಸಿಕೊಂಡವನು ಮಾಡತಕ್ಕದ್ದು. ಅದಕ್ಕಿಂತ ಹೆಚ್ಚನ್ನು ಕಾಯಿದೆ ಕೇಳುವುದಿಲ್ಲ, ಕಡಮೆಯನ್ನು ಒಪ್ಪುವುದಿಲ್ಲ. ಅಷ್ಟು ಜೋಪಾನ ಮಾಡಿಯೂ ವಸ್ತು ಕೆಟ್ಟರೆ, ಬೇರೆ ವಿಶೇಷ ಕರಾರು ಇಲ್ಲದಿದ್ದಲ್ಲಿ, ವಹಿಸಿಕೊಂಡವನು ಹೊಣೆಯಲ್ಲ ಎಂದು 152ನೆಯ ಕಲಮು ಹೇಳುತ್ತದೆ. ತೊಳೆಯುತ್ತಿದ್ದಾಗ ಬಿರುಗಾಳಿಗೆ ಪಕ್ಕದ ಮರದ ಕೊಂಬೆ ಮುರಿದು ಬಾನೆಟ್ಟಿನ ಮೇಲೆ ಬಿದ್ದರೆ ಅದು ಅಂಗಡಿಯವನ ತಪ್ಪಲ್ಲ. ಆದರೆ ಆ ಕೊಂಬೆ ಒಣಗಿ ತೂಗಾಡುತ್ತಿರುವುದು ಎಲ್ಲರಿಗೂ ಕಾಣುತ್ತಿದ್ದರೂ ಅದರ ಕೆಳಗೇ ಕಾರು ನಿಲ್ಲಿಸಿದ್ದರೆ ಮಾತು ಬೇರೆ.

ಒಪ್ಪಿಸುವವನಿಗೂ ಕರ್ತವ್ಯವಿದೆ. ತನಗೆ ತಿಳಿದಿರುವ, ಅಪಾಯಕ್ಕೆ ಎಡೆಕೊಡುವ ದೋಷಗಳನ್ನು ಅವನು ಮೊದಲೇ ಹೇಳಬೇಕೆಂದು 150ನೆಯ ಕಲಮು ವಿಧಿಸುತ್ತದೆ. ಬ್ರೇಕು ಹಿಡಿಯದ ಕಾರನ್ನು ಸುಮ್ಮನೆ ಬಿಟ್ಟುಹೋಗಿ, ಅದು ರ‍್ಯಾಂಪಿನಿಂದ ಜಾರಿ ಅಂಗಡಿಯ ಹುಡುಗನಿಗೆ ಪೆಟ್ಟಾದರೆ ಮಾಲೀಕನೇ ಹೊಣೆಗಾರ. ಒಪ್ಪಿದ ಕೆಲಸಕ್ಕಲ್ಲದೆ ಬೇರೆಯದಕ್ಕೆ ವಸ್ತುವನ್ನು ಬಳಸಿದರೆ ಅದರಿಂದಾಗುವ ಯಾವ ಹಾನಿಗೂ ವಹಿಸಿಕೊಂಡವನೇ ಹೊಣೆ ಎಂದು 154ನೆಯ ಕಲಮಿದೆ. ತೊಳೆದ ಕಾರಿನಲ್ಲಿ ಒಂದು ಸುತ್ತು ಹೋಗಿ ಟೀ ಕುಡಿದು ಬರುವ ಹುಡುಗರು ಈ ಕಲಮನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಗಸನ ಬಟ್ಟೆಯ ಗುರುತಿನ ನಿಯಮವೇ ಇಲ್ಲಿ ಬೇರೆ ರೂಪದಲ್ಲಿ ಬಂದಿದೆ. ಕೊನೆಯದಾಗಿ, ಒಪ್ಪಂದದಂತೆ ಕೈಚಳಕದ ಕೆಲಸವನ್ನು ಮಾಡಿ ಮುಗಿಸಿದವನು ತನ್ನ ಕೂಲಿ ಬರುವವರೆಗೆ ಆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದೆಂದು 170ನೆಯ ಕಲಮು ಹೇಳುತ್ತದೆ.

"ಮಾಲೀಕರೇ ಹೊಣೆ" ಎಂಬ ಬೋರ್ಡು

ಅನೇಕ ಅಂಗಡಿಗಳಲ್ಲಿ "ವಾಹನಕ್ಕೆ ಆಗುವ ಯಾವುದೇ ಹಾನಿಗೆ ನಾವು ಜವಾಬ್ದಾರರಲ್ಲ" ಎಂಬ ಬೋರ್ಡು ತೂಗುತ್ತದೆ. ಇದರಿಂದ ರಕ್ಷಣೆ ದೊರೆಯುವುದೆಂದು ಅಂಗಡಿಯವರ ನಂಬಿಕೆ. ಈ ನಂಬಿಕೆ ಎಷ್ಟು ಸರಿ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು ಉತ್ತರ ಕೊಡುತ್ತದೆ.

1998ರ ಆಗಸ್ಟ್ 1ರ ರಾತ್ರಿ ಒಬ್ಬರು ತಮ್ಮ ಮಾರುತಿ ಜೆನ್ ಕಾರಿನಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಹೋದರು. ಕಾರು ನಿಲ್ಲಿಸಲು ಬೀಗದ ಕೈಯನ್ನು ಹೋಟೆಲಿನ ನೌಕರನಿಗೆ ಕೊಟ್ಟರು. ಅವರಿಗೆ ಸಿಕ್ಕಿದ ಚೀಟಿಯ ಮೇಲೆ ವಾಹನದ ಜವಾಬ್ದಾರಿ ಮಾಲೀಕರದೇ ಎಂಬ ಅರ್ಥದ ಷರತ್ತು ಅಚ್ಚಾಗಿತ್ತು. ಅವರು ಹೊರಗೆ ಬರುವ ವೇಳೆಗೆ ಬೇರೊಬ್ಬರು ಆ ಕಾರನ್ನು ಓಡಿಸಿಕೊಂಡು ಹೋಗಿದ್ದರು. ವಿಮಾ ಕಂಪನಿ ಮಾಲೀಕರಿಗೆ 2,80,000 ರೂಪಾಯಿ ಕೊಟ್ಟು, ಆ ಹಣಕ್ಕಾಗಿ ಗ್ರಾಹಕರ ವೇದಿಕೆಯಲ್ಲಿ ಹೋಟೆಲಿನ ಮೇಲೆ ದೂರು ಹೂಡಿತು. ಮೊಕದ್ದಮೆ ಮೇಲೇರುತ್ತ ಹೋಗಿ 2019ರ ನವೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ತೀರ್ಪು ನೀಡಿದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ.

ಬೀಗದ ಕೈ ಕೊಟ್ಟಾಗಲೇ ಕಾರು ಹೋಟೆಲಿನ ವಶಕ್ಕೆ ಬಂದಿತು; ಒಪ್ಪಿಸಿದ ಕಾರು ಹಾಗೆಯೇ ಹಿಂದಿರುಗದಿದ್ದಾಗ ತಾನು ಸಾಕಷ್ಟು ಜೋಪಾನ ಮಾಡಿದೆನೆಂದು ತೋರಿಸುವ ಭಾರ ಹೋಟೆಲಿನ ಮೇಲೆಯೇ ಬೀಳುತ್ತದೆ; ತನ್ನ ಅಥವಾ ತನ್ನ ನೌಕರರ ಅಲಕ್ಷ್ಯದಿಂದಾದ ನಷ್ಟಕ್ಕೆ ಚೀಟಿಯ ಮೇಲಿನ ಷರತ್ತು ಗುರಾಣಿಯಾಗಲಾರದು ಎಂಬುದು ಆ ತೀರ್ಪಿನ ಸಾರ. ಹೋಟೆಲು ಸೋತಿತು. ಆದರೂ ಯಾವ ತಪ್ಪಿಲ್ಲದಿದ್ದರೂ ವಹಿಸಿಕೊಂಡವನೇ ತೆರಬೇಕೆಂದು ನ್ಯಾಯಾಲಯ ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ಜೋಪಾನ ಮಾಡಿದ್ದಕ್ಕೆ ಪ್ರಮಾಣ ತೋರಿಸಿದವನಿಗೆ ಕಾಯಿದೆಯಲ್ಲಿ ರಕ್ಷಣೆ ಇದ್ದೇ ಇದೆ.

ಇದು ಕಾರು ನಿಲ್ಲಿಸಿದ ಪ್ರಸಂಗ, ತೊಳೆದ ಪ್ರಸಂಗವಲ್ಲ. ಆದರೆ ಬೀಗದ ಕೈ ಕೈಬದಲಾಗುವುದು ಎರಡರಲ್ಲಿಯೂ ಸಮಾನ. ದೊಡ್ಡ ಹೋಟೆಲಿನ ಅಚ್ಚು ಚೀಟಿಗೇ ಇಲ್ಲದ ಬಲ ನಮ್ಮ ಷೆಡ್ಡಿನ ತಗಡಿನ ಬೋರ್ಡಿಗೆ ಎಲ್ಲಿಂದ ಬರಬೇಕು? ಬೋರ್ಡಿಗಿಂತ ಪುಸ್ತಕ ಮೇಲು. ಕಾರು ಬಂದಾಗ ಹೇಗಿತ್ತೆಂದು ಬರೆದಿಟ್ಟ ಪುಸ್ತಕವೇ ಅಂಗಡಿಯವನ ನಿಜವಾದ ಗುರಾಣಿ.

ಗೀರಿನ ಪರೀಕ್ಷೆ

ಕಾಯಿದೆ ತಿಳಿದರೆ ಸಾಲದು, ಬಣ್ಣದ ಸ್ವಭಾವವೂ ತಿಳಿದಿರಬೇಕು. ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣದ ಪದರ, ಅದರ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್ ಎಂಬ ಪದರ ಇರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ನಾವು ಬರೆಯುವ ಕಾಗದದ ಒಂದು ಹಾಳೆ ಸುಮಾರು 100 ಮೈಕ್ರಾನ್ ಎಂದರೆ ಈ ದಪ್ಪ ಎಷ್ಟೆಂಬುದು ಮನಸ್ಸಿಗೆ ಬರುತ್ತದೆ. ಮೇಲಿನ ಕ್ಲಿಯರ್ ಕೋಟ್ ಇದರಲ್ಲಿ ಮೂರನೆಯ ಒಂದು ಭಾಗದಷ್ಟು. ಪಾಲಿಶ್ ಮಾಡುವುದೆಂದರೆ ಈ ಮೇಲುಪದರವನ್ನು ಅತಿ ಸ್ವಲ್ಪ ತೇಯುವುದೇ ಆಗಿದೆ. ಅಂಚುಗಳಲ್ಲಿ ಪದರ ತೆಳು. ಯಂತ್ರವನ್ನು ಅಲ್ಲಿ ಒತ್ತಿ ಹಿಡಿದರೆ ಬಣ್ಣ ಸುಟ್ಟು ಒಳಪದರ ಹೊರಬೀಳುತ್ತದೆ.

ಅಂಗಡಿಗೆ ಬರುವ ದೂರುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮೊದಲೇ ಇದ್ದು ತೊಳೆದ ಮೇಲೆ ಕಂಡದ್ದು. ನಮ್ಮ ಕಡೆಯ ಕೆಂಪು ಧೂಳು ಕಾರಿನ ಮೇಲೆ ಕೂತರೆ ಬೇಲಿಯ ಮುಳ್ಳು ಎಳೆದ ಗೀರು, ದನ ಮೈಯುಜ್ಜಿದ ಗುರುತು, ಮಕ್ಕಳು ಕಲ್ಲಿನಿಂದ ಬರೆದ ಅಕ್ಷರ ಯಾವುದೂ ತೋರುವುದಿಲ್ಲ. ತೊಳೆದಾಗ ಎಲ್ಲವೂ ಎದ್ದು ಕಾಣುತ್ತದೆ. ಮಾಲೀಕನು ಸುಳ್ಳು ಹೇಳುತ್ತಿರುವುದಿಲ್ಲ. ಅವನು ನಿಜವಾಗಿಯೂ ಅದನ್ನು ಮೊದಲ ಬಾರಿಗೆ ನೋಡುತ್ತಿರುತ್ತಾನೆ. ಹೆಚ್ಚಿನ ಜಗಳಗಳಿಗೆ ಇದೇ ಮೂಲ.

ಎರಡನೆಯದು, ಒಳಗೆ ಅಡಗಿದ್ದ ದೋಷ ತೊಳೆಯುವಾಗ ಹೊರಬಿದ್ದದ್ದು. ಹಿಂದೆ ಎಲ್ಲೋ ಪೆಟ್ಟಾಗಿ ಪುಟ್ಟಿ ತುಂಬಿ ಅವಸರದಲ್ಲಿ ಬಣ್ಣ ಹೊಡೆಸಿದ ಬಾಗಿಲು ಪ್ರೆಷರ್ ಪಂಪಿನ ನೀರಿಗೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮದುವೆಯ ಕಾರಿಗೆ ಹೂವು ನಿಲ್ಲಿಸಲು ಅಂಟಿಸಿದ ಟೇಪನ್ನು ಕೀಳುವಾಗ ಇಂಥ ಬಣ್ಣವೂ ಜೊತೆಗೇ ಬರುತ್ತದೆ. ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮ ಬಿಸಿಲಿಗೆ ದಿನಗಟ್ಟಲೆ ಒಣಗಿದರೆ ಬಿಳಿಯ ಕಾರಿನ ಮೇಲೆ ಕಲೆಯಾಗಿ ಉಳಿಯುತ್ತದೆ. ಹಕ್ಕಿಯ ಹಿಕ್ಕೆಯೂ ಹಾಗೆಯೇ ಕ್ಲಿಯರ್ ಕೋಟನ್ನು ತಿನ್ನುತ್ತದೆ.

ಮೂರನೆಯದು, ನಿಜವಾಗಿಯೂ ಅಂಗಡಿಯ ತಪ್ಪಿನಿಂದಾದದ್ದು. ಧೂಳನ್ನು ನೀರಿನಿಂದ ಮೊದಲು ಬಿಡಿಸದೆ ಒಣಬಟ್ಟೆಯಿಂದ ಒರಸುವುದು, ನೆಲಕ್ಕೆ ಬಿದ್ದ ಬಟ್ಟೆಯನ್ನು ಹಾಗೆಯೇ ಎತ್ತಿ ಬಳಸುವುದು, ಚಕ್ರ ತೊಳೆದ ನೀರಿನಲ್ಲೇ ಬಾನೆಟ್ಟು ತೊಳೆಯುವುದು, ಕಟುವಾದ ಆಸಿಡ್ಡನ್ನು ಚಕ್ರಕ್ಕೆ ಹಾಕಿ ಹೊತ್ತು ಮೀರಿ ಬಿಡುವುದು, ಪಂಪಿನ ಮೂತಿಯನ್ನು ತೀರ ಹತ್ತಿರ ಹಿಡಿಯುವುದು, ಗಡಸು ನೀರನ್ನು ಬಿಸಿಲಿನಲ್ಲಿ ಒಣಗಲು ಬಿಡುವುದು, ಇವೆಲ್ಲ ಈ ಗುಂಪಿಗೆ ಸೇರಿದವು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಲವಣ ಹೆಚ್ಚಿದ್ದರೆ ಪ್ರತಿ ಹನಿಯೂ ಒಣಗಿ ಬಿಳಿಯ ಚುಕ್ಕೆಯಾಗುತ್ತದೆ.

ಈ ಮೂರನ್ನು ಬೇರ್ಪಡಿಸಲು ಕೆಲವು ಲಕ್ಷಣಗಳಿವೆ. ಹಳೆಯ ಗೀರಿನೊಳಗೆ ಕೊಳೆ ಅಥವಾ ಹಳೆಯ ಪಾಲಿಶಿನ ಬಿಳಿಪುಡಿ ಕೂತಿರುತ್ತದೆ. ತಗಡಿನವರೆಗೆ ಇಳಿದಿದ್ದರೆ ತುಕ್ಕು ಹಿಡಿದಿರುತ್ತದೆ. ಒಂದೆರಡು ಗಂಟೆಯಲ್ಲಿ ತುಕ್ಕು ಬಲಿಯುವುದಿಲ್ಲವಾದುದರಿಂದ ಇದು ಒಳ್ಳೆಯ ಸಾಕ್ಷಿ. ಹೊಸ ಗೀರಿನ ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿ ಇರುತ್ತದೆ. ಕೊಳೆಬಟ್ಟೆಯ ಗೀರುಗಳು ಕೂದಲಿನಷ್ಟು ಸಣ್ಣವು, ಬಿಸಿಲಿನಲ್ಲಿ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಕಾಣುತ್ತವೆ. ಉಗುರಿನಿಂದ ಮೆಲ್ಲನೆ ಎಳೆದಾಗ ಉಗುರು ಸಿಕ್ಕಿಕೊಂಡರೆ ಗೀರು ಆಳವಾದದ್ದು, ಪಾಲಿಶಿನಿಂದ ಹೋಗುವಂಥದಲ್ಲ. ಮೆತ್ತನೆಯ ಬಟ್ಟೆಯಿಂದ ಸಾಮಾನ್ಯವಾಗಿ ಅಷ್ಟು ಆಳದ ಗೀರು ಬೀಳುವುದಿಲ್ಲ. ಮರುಬಣ್ಣ ಕಂಡುಹಿಡಿಯಲು ದಪ್ಪ ಅಳೆಯುವ ಚಿಕ್ಕ ಮೀಟರು ಸಿಗುತ್ತದೆ. ಉಳಿದ ಬಾಗಿಲುಗಳಲ್ಲಿ 120 ಮೈಕ್ರಾನ್ ತೋರಿಸಿ ಒಂದರಲ್ಲಿ ಮಾತ್ರ 400 ತೋರಿಸಿದರೆ ಅಲ್ಲಿ ಪುಟ್ಟಿಯ ಕೆಲಸ ಆಗಿದೆಯೆಂದು ತಿಳಿಯಬಹುದು. ಆದರೆ ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಮೀಟರು ಕೆಲಸ ಮಾಡದು.

ಕೆಲಸಕ್ಕೆ ಮೊದಲು ಮಾಡತಕ್ಕದ್ದು

ಮೇಲಿನ ವಿಚಾರದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಗೀರಿನ ವ್ಯಾಜ್ಯ ತೀರ್ಮಾನವಾಗುವುದು ಜಗಳದ ಹೊತ್ತಿನಲ್ಲಲ್ಲ, ಬೀಗದ ಕೈ ಪಡೆಯುವ ಹೊತ್ತಿನಲ್ಲಿ. ಆ ಐದು ನಿಮಿಷವನ್ನು ಉಳಿಸಿದವನು ಮುಂದೆ ಐದು ದಿನ ಕಳೆದುಕೊಳ್ಳುತ್ತಾನೆ.

ಕಾರು ಬಂದ ಕೂಡಲೇ ಮಾಲೀಕನ ಎದುರಿನಲ್ಲಿಯೇ ಅದರ ಸುತ್ತ ಒಂದು ಸುತ್ತು ಬರಬೇಕು. ನಾಲ್ಕು ಮಗ್ಗುಲು, ಮೇಲ್ಛಾವಣಿ, ಚಕ್ರ, ಗಾಜುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಬೇಕು. ಧೂಳು ದಟ್ಟವಾಗಿದ್ದರೆ ಬರಿ ನೀರು ಬಿಟ್ಟು ಧೂಳಿಳಿಸಿ, ಕೈ ಅಥವಾ ಬಟ್ಟೆ ತಾಗಿಸುವ ಮೊದಲೇ ಇನ್ನೊಮ್ಮೆ ಚಿತ್ರ ತೆಗೆಯುವುದು ಜಾಣತನ. ಮೊದಲ ಬಗೆಯ ದೂರುಗಳಿಗೆಲ್ಲ ಇದೊಂದೇ ಉಪಾಯದಿಂದ ಉತ್ತರ ದೊರೆಯುತ್ತದೆ. ಅನಂತರ ಒಂದು ಚೀಟಿ ಬರೆದು ರುಜು ಪಡೆಯಬೇಕು. ಅದರ ನಮೂನೆಯನ್ನು ಹೀಗೆ ಇಟ್ಟುಕೊಳ್ಳಬಹುದು:

ವಾಹನದ ನಂಬರು, ತಾರೀಖು, ಬಂದ ವೇಳೆ.
ಓಡಿದ ಕಿಲೋಮೀಟರು, ಟ್ಯಾಂಕಿನಲ್ಲಿ ಇಂಧನ ಎಷ್ಟು.
ಈಗಾಗಲೇ ಇರುವ ಗೀರು, ತಗ್ಗು, ಒಡಕು ಎಲ್ಲೆಲ್ಲಿ.
ಯಾವ ಭಾಗಕ್ಕೆ ಮರುಬಣ್ಣ ಆಗಿದೆ (ಮಾಲೀಕರು ಹೇಳಿದಂತೆ).
ಒಳಗೆ ಬಿಟ್ಟಿರುವ ವಸ್ತುಗಳು. ಹಣ, ಒಡವೆ, ಕಾಗದಪತ್ರ ತೆಗೆದುಕೊಂಡಿದ್ದಾರೆಯೇ.
ಒಪ್ಪಿದ ಕೆಲಸ, ಒಪ್ಪಿದ ಹಣ, ಕೊಡುವ ವೇಳೆ.
ಮಾಲೀಕರ ರುಜು, ಅಂಗಡಿಯವರ ರುಜು.

ಇದನ್ನು ಕನ್ನಡದಲ್ಲಿಯೇ ಅಚ್ಚು ಹಾಕಿಸುವುದು ಮೇಲು. ಓದಲಾಗದ ಭಾಷೆಯ ಕಾಗದಕ್ಕೆ ರುಜು ಹಾಕಿಸಿಕೊಂಡರೆ ನಂಬಿಕೆಗೆ ಬದಲು ಅನುಮಾನ ಬೆಳೆಯುತ್ತದೆ. ಬಣ್ಣ ಸಡಿಲವಾಗಿರುವ ಜಾಗ ಕಂಡರೆ "ಇಲ್ಲಿ ಪ್ರೆಷರ್ ಹೊಡೆದರೆ ಏಳಬಹುದು, ಕೈಯಿಂದ ತೊಳೆಯಲೇ, ಬಿಟ್ಟುಬಿಡಲೇ?" ಎಂದು ಕೇಳಿ ಉತ್ತರವನ್ನು ಚೀಟಿಯಲ್ಲಿ ಸೇರಿಸಬೇಕು. ಕೆಲಸ ಮುಗಿದ ಮೇಲೆಯೂ ಬೆಳಕಿನಲ್ಲಿ ಮಾಲೀಕನಿಗೆ ಕಾರನ್ನು ಸುತ್ತಿಸಿ ತೋರಿಸಿ, ಒಪ್ಪಿಗೆ ಪಡೆದು ಬೀಗದ ಕೈ ಕೊಡಬೇಕು. ಕತ್ತಲಾದ ಮೇಲೆ ಒಪ್ಪಿಸಿದ ಕಾರಿನ ದೂರು ಮರುದಿನ ಬೆಳಿಗ್ಗೆ ಬರುವುದು ಸಹಜ.

ದೂರು ಬಂದಾಗ

ಷೆಡ್ಡಿನ ಮುಂದೆ ಸಾಮಾನ್ಯವಾಗಿ ನಡೆಯುವ ಮಾತು ಹೀಗಿರುತ್ತದೆ. "ಏನಪ್ಪಾ ಇದು? ಬೆಳಿಗ್ಗೆ ಬಿಟ್ಟಾಗ ಇದಿರಲಿಲ್ಲವಲ್ಲ!" "ಇಲ್ಲ ಸಾರ್, ಇದು ಮೊದಲೇ ಇತ್ತು." "ಹಾಗಾದರೆ ನಾನು ಸುಳ್ಳು ಹೇಳುತ್ತೇನೆಯೇ?" ಮೂರನೆಯ ಮಾತಿಗೆ ಬರುವ ಹೊತ್ತಿಗೆ ಗೀರು ಮರೆತುಹೋಗಿ ಮರ್ಯಾದೆಯ ಪ್ರಶ್ನೆ ಎದ್ದುಬಿಡುತ್ತದೆ. ಸುತ್ತ ನಾಲ್ಕು ಜನ ಸೇರುತ್ತಾರೆ. ಇದನ್ನು ತಪ್ಪಿಸುವ ಮಾತು ಬೇರೆ ಇದೆ: "ತೋರಿಸಿ ಸಾರ್, ನೋಡೋಣ. ಬಂದಾಗ ತೆಗೆದ ಚಿತ್ರ ಇದೆ, ಇಬ್ಬರೂ ಕೂತು ನೋಡೋಣ." ಇದರಲ್ಲಿ ತಪ್ಪೊಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ವಿಚಾರ ಮನುಷ್ಯರ ಮೇಲಿನಿಂದ ವಸ್ತುವಿನ ಮೇಲಕ್ಕೆ ತಿರುಗುತ್ತದೆ.

ಚಿತ್ರದಲ್ಲಿ ಗೀರು ಕಂಡರೆ ಅಲ್ಲಿಗೆ ಮುಗಿಯಿತು. ಗೆದ್ದವನಂತೆ ಮಾತನಾಡುವ ಅಗತ್ಯವಿಲ್ಲ. ಸಣ್ಣ ಗೀರಾದರೆ ಕೈಪಾಲಿಶ್ ಮಾಡಿ ಕಳಿಸಿದರೆ ಗಿರಾಕಿಯೂ ಉಳಿಯುತ್ತಾನೆ. ಚಿತ್ರದಲ್ಲಿ ಕಾಣದೆ, ಲಕ್ಷಣದಿಂದ ಹೊಸದೆಂದು ತೋರಿದರೆ ಒಪ್ಪಿಕೊಂಡು ಸರಿಪಡಿಸುವುದೇ ಧರ್ಮ, ಅದೇ ಅಗ್ಗವೂ ಹೌದು. ಎರಡೂ ನಿಶ್ಚಯವಾಗದಿದ್ದರೆ ಇಬ್ಬರಿಗೂ ಸಂಬಂಧವಿಲ್ಲದ, ಡೆಂಟಿಂಗ್ ಪೇಂಟಿಂಗ್ ಬಲ್ಲ ಒಬ್ಬ ಮೇಸ್ತ್ರಿಯ ಅಭಿಪ್ರಾಯ ಕೇಳಬೇಕು. ಬಣ್ಣದ ವಿವಾದವನ್ನು ನಿಪುಣರು ತೀರ್ಮಾನಿಸಬೇಕೆಂದ ಅರ್ಥಶಾಸ್ತ್ರದ ಮಾತನ್ನು ಇಲ್ಲಿ ನೆನೆಯಬಹುದು. ಯಾವ ರೀತಿಯಲ್ಲಿ ಮುಗಿದರೂ "ಇಂಥ ದೂರು ಇಂಥ ರೀತಿ ತೀರಿತು, ಮುಂದೆ ತಕರಾರಿಲ್ಲ" ಎಂದು ಎರಡು ಸಾಲು ಬರೆದು ಇಬ್ಬರೂ ರುಜು ಹಾಕಬೇಕು.

ನಷ್ಟವನ್ನು ಕಟ್ಟುವಾಗ ಕೆಟ್ಟ ಭಾಗವನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ಎಷ್ಟೆಂಬುದೇ ಅಳತೆ. ಒಂದು ಬಾಗಿಲಿನ ಗೀರಿಗೆ ಇಡೀ ಕಾರಿನ ಬಣ್ಣ ಕೇಳುವುದು ಅನ್ಯಾಯ. ಆಳವಾದ ಗೀರಿಗೆ ಮೇಣ ತಿಕ್ಕಿ ಕಳಿಸುವುದೂ ಅನ್ಯಾಯ. "ನಿಮ್ಮ ಇನ್ಷೂರೆನ್ಸಿನಲ್ಲಿ ಮಾಡಿಸಿಕೊಳ್ಳಿ ಸಾರ್" ಎಂದು ಸುಲಭವಾಗಿ ಹೇಳುವವರುಂಟು. ಮಾಲೀಕನು ಹಾಗೆ ವಿಮೆಯನ್ನು ಬಳಸಿದರೆ, ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ ಅವನ ಕೈತಪ್ಪುತ್ತದೆ. ಈ ರಿಯಾಯಿತಿ ಮೊದಲ ವರ್ಷಕ್ಕೆ ಶೇಕಡ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇಕಡ 50ರವರೆಗೆ ಏರುವಂಥದು. ಆದುದರಿಂದ ಅಂಗಡಿಯ ತಪ್ಪನ್ನು ಗಿರಾಕಿಯ ವಿಮೆಗೆ ತಳ್ಳುವುದು ಉಚಿತವಲ್ಲ.

ಮಾತಿನಲ್ಲಿ ಮುಗಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. 1986ರ ಕಾಯಿದೆಯ ಬದಲಿಗೆ ಬಂದ ಇದು 2020ರ ಜುಲೈನಿಂದ ಜಾರಿಯಲ್ಲಿದೆ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಎಂದರೆ ನಮ್ಮವರು ಚಿತ್ರದುರ್ಗದಲ್ಲಿಯೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವಿಷಯಕ್ಕೆ ಶುಲ್ಕವಿಲ್ಲ. 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನು ಈ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ ಎಂಬುದನ್ನು ನಮ್ಮ ಷೆಡ್ಡಿನವರು ಮರೆಯಬಾರದು.

ಹುಡುಗನ ಕೂಲಿ

ಈ ವಿಷಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡಿದ ಭಾಗ ಇದು. ಮಾಲೀಕನಿಗೂ ಗಿರಾಕಿಗೂ ರಾಜಿಯಾದ ಮೇಲೆ ಆ ಹಣ ಬರುವುದೆಲ್ಲಿಂದ? ಅನೇಕ ಕಡೆ ತೊಳೆದ ಹುಡುಗನ ಕೂಲಿಯಿಂದ. ಯಾರು ಒರಸಿದರೆಂದು ವಿಚಾರಿಸದೆ, ಗೀರು ಹೊಸದೋ ಹಳೆಯದೋ ಎಂದು ನೋಡದೆ, ಶನಿವಾರದ ಬಟವಾಡೆಯಲ್ಲಿ ಹಿಡಿದುಬಿಡುತ್ತಾರೆ. ಎಲ್ಲರಿಗಿಂತ ಕಡಮೆ ಪಡೆಯುವವನು ಎಲ್ಲರ ನಷ್ಟವನ್ನೂ ಹೊರುತ್ತಾನೆ. ಪರೀಕ್ಷೆಯ ಶುಲ್ಕಕ್ಕೆಂದು ಕೂಡಿಟ್ಟ ಹಣ ಹೀಗೆ ಹೋದವರು ನಮ್ಮ ನಡುವೆಯೇ ಇದ್ದಾರೆ.

ಕಾಯಿದೆಯ ದೃಷ್ಟಿ ಹೀಗಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದು 2019ರ ವೇತನ ಸಂಹಿತೆಯಲ್ಲಿಯೂ ಉಳಿದುಬಂದಿರುವ ನಿಯಮ ಇದು: ಹಾನಿಗಾಗಿ ಕೂಲಿ ಹಿಡಿಯಬೇಕಾದರೆ ಆ ವಸ್ತುವನ್ನು ಆ ಕೆಲಸಗಾರನಿಗೇ ಒಪ್ಪಿಸಿರಬೇಕು, ಹಾನಿಯು ಅವನ ಅಲಕ್ಷ್ಯದಿಂದಲೇ ನೇರವಾಗಿ ಆಗಿರಬೇಕು, ಹಿಡಿಯುವ ಮೊದಲು ಅವನ ಮಾತನ್ನು ಕೇಳಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಕೂಡದು. ದೊಡ್ಡ ಕಾರ್ಖಾನೆಗೆ ನ್ಯಾಯವಾದದ್ದು ಇಬ್ಬರು ಕೆಲಸ ಮಾಡುವ ಷೆಡ್ಡಿಗೂ ನ್ಯಾಯವೇ. ಒಳ್ಳೆಯ ಬಟ್ಟೆ, ಎರಡು ಬಕೆಟ್ಟು, ಸಾಕಷ್ಟು ಬೆಳಕು, ಸಾಕಷ್ಟು ಸಮಯ ಕೊಡದೆ ಒಂದೇ ದಿನದಲ್ಲಿ ಇಪ್ಪತ್ತು ಕಾರು ತೊಳೆಯಿಸಿ, ಗೀರು ಬಿದ್ದಾಗ ಹುಡುಗನ ಅಲಕ್ಷ್ಯ ಎನ್ನುವುದು ಸರಿಯೇ? ಪ್ರತಿ ಕಾರಿನ ಗಳಿಕೆಯಿಂದ ಐದೋ ಹತ್ತೋ ರೂಪಾಯಿ ತೆಗೆದು ಬೇರೆ ಡಬ್ಬಿಯಲ್ಲಿಟ್ಟರೆ ವರ್ಷದ ಒಂದೆರಡು ದೂರುಗಳಿಗೆ ಅದೇ ಸಾಕಾದೀತು. ದೊಡ್ಡ ಅಂಗಡಿಗಳವರಿಗೆ ತಮ್ಮ ವಶದಲ್ಲಿರುವ ವಾಹನಗಳಿಗಾಗಿ ವಿಮೆ ಮಾಡಿಸುವ ಅನುಕೂಲವೂ ಇದೆ.

ಮೇಲೆ ಹೇಳಿದ ಚೀಟಿ ಮಾಲೀಕನನ್ನು ಗಿರಾಕಿಯಿಂದ ಕಾಪಾಡುವುದು ಮಾತ್ರವಲ್ಲ, ಹುಡುಗನನ್ನೂ ಕಾಪಾಡುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ತೆಗೆದ ಚಿತ್ರದಲ್ಲಿ ಗೀರು ಇದ್ದರೆ, ಒಂಬತ್ತೂವರೆಗೆ ಒರಸಿದವನ ಮೇಲೆ ಹೊರೆ ಬೀಳಲಾರದು. ಬಾಯಿಮಾತಿನ ವ್ಯವಹಾರದಲ್ಲಿ ಸೋಲುವವನು ಯಾವಾಗಲೂ ಮಾತು ನಡೆಯದವನೇ. ಬರವಣಿಗೆಯು ಅಂಥವನ ಬಲ.

ಉಪಸಂಹಾರ

ಹೀಗೆ ನೋಡಿದಾಗ, ಕಾರು ತೊಳೆಯುವಂಥ ಚಿಕ್ಕ ಕಸಬಿನಲ್ಲಿಯೂ ನ್ಯಾಯದ ದೊಡ್ಡ ಪ್ರಶ್ನೆಗಳು ಇರುವುದು ಕಂಡುಬರುತ್ತದೆ. ತನ್ನ ವಸ್ತುವಿನಂತೆ ಇತರರ ವಸ್ತುವನ್ನು ಕಾಣಬೇಕೆಂಬುದು ಕಾಯಿದೆಯ ಸಾರ. ಕಂಡದ್ದನ್ನು ಕಂಡ ಹೊತ್ತಿನಲ್ಲಿ ಬರೆದಿಡಬೇಕೆಂಬುದು ಅನುಭವದ ಸಾರ. ಕೊಡುವವನು ದೋಷವನ್ನು ಮುಚ್ಚಿಡದೆ ಹೇಳಿ, ಪಡೆಯುವವನು ನೋಡಿ ಬರೆದುಕೊಂಡು, ತಪ್ಪಾದರೆ ಒಪ್ಪಿ, ಆಗದಿದ್ದರೆ ಶಾಂತವಾಗಿ ತೋರಿಸಿಕೊಟ್ಟರೆ ಜಗಳಕ್ಕೆ ಸ್ಥಳವೇ ಉಳಿಯದು. ಕಾಲೇಜಿನಲ್ಲಿ ಓದುತ್ತಿರುವ ನಾವು ರಜೆಗೆ ಊರಿಗೆ ಹೋದಾಗ ನಮ್ಮ ನಮ್ಮ ಊರಿನ ಷೆಡ್ಡಿಗೋ ಗ್ಯಾರೇಜಿಗೋ ಹೊಲಿಗೆಯ ಅಂಗಡಿಗೋ ಇಂಥ ಒಂದು ಚೀಟಿಯ ನಮೂನೆಯನ್ನು ಬರೆದುಕೊಡೋಣ. ಅದಕ್ಕೆ ಒಂದು ಹಾಳೆ ಕಾಗದವೂ ಅರ್ಧ ಗಂಟೆಯ ಕಾಲವೂ ಸಾಕು.